ಇಲಿಮರಿಯ ಹಿಪ್ಪೊಕ್ಯಾಂಪಸ್ ಬಿಡಿಸಿ ನರಕೋಶ ಬೆಳೆಸುವ ಬಗೆ

ನರಕೋಶದ ಕಲ್ಚರ್, ಎಂದರೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳು, ಕೈಕೊಟ್ಟಾಗ ಲ್ಯಾಬಿಗೆ ಹೊಸದಾಗಿ ಬಂದವರು ಮೊದಲು ಅನುಮಾನಿಸುವುದು ಮೀಡಿಯಂ ಎಂಬ ಪೋಷಕ ದ್ರವವನ್ನು, ಆಮೇಲೆ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರನ್ನು. ಬಹಳಷ್ಟು ಸಲ ತಪ್ಪು ಅಲ್ಲಿರುವುದಿಲ್ಲ. ಮರಿಯ ತಲೆ ಬೇರ್ಪಟ್ಟ ಹೊತ್ತಿನಿಂದ ಅಂಗಾಂಶವು ಕೋಶಗಳನ್ನು ಬಿಡಿಸುವ ಕಿಣ್ವದ ದ್ರಾವಣಕ್ಕೆ ಬೀಳುವವರೆಗೆ ಒಂದು ಗಂಟೆಯಷ್ಟು ಸಮಯ ಇರುತ್ತದಲ್ಲ, ಕೋಶಗಳ ಹಣೆಬರಹ ತೀರ್ಮಾನವಾಗುವುದು ಅಷ್ಟರಲ್ಲೇ. ಅಂಗಾಂಶ ಆ ಹೊತ್ತಿನಲ್ಲಿ ತಣ್ಣಗಿತ್ತೇ, ಕೆಲಸ ಬೇಗ ಮುಗಿಯಿತೇ, ಮಿದುಳಿನ ಹೊರಪೊರೆ ಪೂರ್ತಿ ಬಿಟ್ಟುಬಂತೇ ಎಂಬುದನ್ನು ನೋಡಿದರೆ ಎರಡು ವಾರದ ನಂತರದ ಕಲ್ಚರ್ ಹೇಗಿರುತ್ತದೆಂದು ಹೇಳಬಹುದು. ಹಾಗಾಗಿ ಈ ಲೇಖನದಲ್ಲಿ ಆ ಒಂದು ಗಂಟೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಉಳಿದದ್ದಕ್ಕೆ ಕಡಿಮೆ.

ಮಿದುಳಿನ ಅಷ್ಟೊಂದು ಭಾಗಗಳಿರುವಾಗ ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗವನ್ನೇ ಆರಿಸುವುದಕ್ಕೆ ಕಾರಣವಿದೆ. ಅಲ್ಲಿರುವ ನರಕೋಶಗಳಲ್ಲಿ ಹೆಚ್ಚಿನವು ಪಿರಮಿಡ್ ಆಕಾರದ ಒಂದೇ ಬಗೆಯವು. ಹಾಗಾಗಿ ತಟ್ಟೆಯಲ್ಲಿ ಬೆಳೆದದ್ದನ್ನು ಒಂದಕ್ಕೊಂದು ಹೋಲಿಸುವುದು ಸುಲಭ. ಕಪ್ಪೆಯ ಭ್ರೂಣದ ನರತಂತು ದೇಹದ ಹೊರಗೆ ಬೆಳೆಯುವುದನ್ನು ರಾಸ್ ಹ್ಯಾರಿಸನ್ 1907ರಲ್ಲೇ ತೋರಿಸಿದ್ದರು. ಆದರೆ ಹಿಪ್ಪೊಕ್ಯಾಂಪಸ್‌ನ ಕೋಶಗಳನ್ನು ಬಿಡಿಬಿಡಿಯಾಗಿ ಬೆಳೆಸುವ ಕ್ರಮ ನೆಲೆಯೂರಿದ್ದು 1977ರಲ್ಲಿ ಗ್ಯಾರಿ ಬ್ಯಾಂಕರ್ ಮತ್ತು ಮ್ಯಾಕ್ಸ್‌ವೆಲ್ ಕೊವನ್ ರ್‍ಯಾಟ್ ಎಂಬ ದೊಡ್ಡ ಜಾತಿಯ ಇಲಿಯ ಭ್ರೂಣಗಳ ಮೇಲೆ ಮಾಡಿದ ಕೆಲಸದಿಂದ. ಇವತ್ತು ಮೌಸ್ ಎಂಬ ಚಿಕ್ಕ ಇಲಿಯಲ್ಲಿ ನಾವು ಮಾಡುವುದೂ ಅದರ ಮುಂದುವರಿಕೆಯೇ.

ಮೊದಲು ಅನುಮತಿ

ಭಾರತದಲ್ಲಿ ಯಾವುದೇ ಪ್ರಾಣಿ ಪ್ರಯೋಗಕ್ಕೆ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಗಳ ಮೇಲೆ ಪ್ರಾಣಿ ಪ್ರಯೋಗಗಳ ನಿಗಾಕ್ಕಿರುವ ಕೇಂದ್ರ ಸರ್ಕಾರದ ಸಮಿತಿಯಾದ ಸಿಸಿಎಸ್‌ಇಎ ಇದೆ, ಹಳಬರು ಇನ್ನೂ ಸಿಪಿಸಿಎಸ್‌ಇಎ ಎಂದೇ ಕರೆಯುತ್ತಾರೆ. ಇದೆಲ್ಲಕ್ಕೂ ಬುಡ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಫಾರ್ಮ್ ಬಿ ಅರ್ಜಿಯಲ್ಲಿ ಎಷ್ಟು ಮರಿ, ಯಾವ ವಯಸ್ಸು, ಯಾವ ವಿಧಾನದಲ್ಲಿ ಪ್ರಾಣ ತೆಗೆಯುತ್ತೀರಿ ಎಂಬುದನ್ನು ಬರೆದಿರಬೇಕು. ಮಾಡುವುದೂ ಅದನ್ನೇ. ನಿಮ್ಮ ಹೆಸರು ಆ ಅನುಮತಿಯಲ್ಲಿ ಇಲ್ಲದಿದ್ದರೆ, ತರಬೇತಿ ಆಗಿಲ್ಲದಿದ್ದರೆ, ಪ್ರಾಣಿ ಮನೆಯೊಳಗೆ ಕಾಲಿಡಬೇಡಿ.

ಇದನ್ನು ಕಾಗದಪತ್ರದ ಕೆಲಸವೆಂದು ದಾಟಿಬಿಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ರಸೆಲ್ ಮತ್ತು ಬರ್ಚ್ 1959ರಲ್ಲಿ ಮುಂದಿಟ್ಟ ಮೂರು ಸೂತ್ರಗಳು, ಎಂದರೆ ಪ್ರಾಣಿಯ ಬದಲು ಬೇರೇನಾದರೂ ಬಳಸಬಹುದೇ, ಸಂಖ್ಯೆ ಕಡಿಮೆ ಮಾಡಬಹುದೇ, ನೋವು ತಗ್ಗಿಸಬಹುದೇ ಎಂಬ ಪ್ರಶ್ನೆಗಳು, ಈ ಕೆಲಸದಲ್ಲಿ ದಿನವೂ ಎದುರಾಗುತ್ತವೆ. ಕೈ ಪಳಗಿಸಲು ಹೊಸ ಮರಿಗಳನ್ನು ಕೇಳಬೇಡಿ. ಬೇರೆ ಪ್ರಯೋಗಕ್ಕೆ ಹೇಗೂ ಬಳಕೆಯಾದ ಮರಿಗಳ ತಲೆ ಸಿಗುತ್ತದೆಯೇ ಎಂದು ಪಕ್ಕದ ಲ್ಯಾಬಿನಲ್ಲಿ ವಿಚಾರಿಸಿ. ನೀವು ಹಿಪ್ಪೊಕ್ಯಾಂಪಸ್ ತೆಗೆದ ಮೇಲೆ ಉಳಿಯುವ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನಲ್ಲಿ ಇನ್ನೂ ಎಷ್ಟೋ ಪಟ್ಟು ಹೆಚ್ಚು ಕೋಶಗಳಿರುತ್ತವೆ. ವೆಸ್ಟರ್ನ್ ಬ್ಲಾಟ್ ಎಂಬ ಪ್ರೋಟೀನ್ ಪರೀಕ್ಷೆ ಮಾಡುವ ಗೆಳೆಯರಿಗೆ ಅದು ಬೇಕಾಗುತ್ತದೆ, ಹಿಂದಿನ ದಿನವೇ ಹೇಳಿಡಿ.

ಯಾವ ವಯಸ್ಸಿನ ಮರಿ

ಹುಟ್ಟಿದ ದಿನದ ಅಥವಾ ಮರುದಿನದ ಮರಿ, ಲ್ಯಾಬಿನ ಮಾತಿನಲ್ಲಿ ಪಿ-0 ಅಥವಾ ಪಿ-1. ಇಲ್ಲವೇ ಗರ್ಭದ 16ರಿಂದ 18ನೇ ದಿನದ ಭ್ರೂಣ. ಈ ಹೊತ್ತಿಗೆ ಪಿರಮಿಡ್ ನರಕೋಶಗಳು ಹುಟ್ಟಿಯಾಗಿರುತ್ತವೆ, ಆದರೆ ಕೈಕಾಲು ಚಾಚಿ ಒಂದಕ್ಕೊಂದು ಹೆಣೆದುಕೊಂಡಿರುವುದಿಲ್ಲ. ಬೆಳೆದ ಇಲಿಯಲ್ಲಿ ಆ ಹೆಣಿಗೆಯನ್ನು ಹರಿಯದೆ ಕೋಶ ಬಿಡಿಸಲಾಗದು. ಹರಿದರೆ ಕೋಶ ಉಳಿಯುವುದಿಲ್ಲ.

ಭ್ರೂಣದಿಂದ ತೆಗೆದರೆ ನರಕೋಶಕ್ಕೆ ಆಸರೆಯಾಗಿರುವ ಗ್ಲಿಯಾ ಕೋಶಗಳ ಕಾಟ ಕಡಿಮೆ, ಕಲ್ಚರ್ ಚೊಕ್ಕ. ಆದರೆ ಅದಕ್ಕಾಗಿ ತಾಯಿ ಇಲಿಯನ್ನೂ ಕೊಲ್ಲಬೇಕಾಗುತ್ತದೆ, ಕೂಡಿದ ದಿನದ ಲೆಕ್ಕವನ್ನೂ ಸರಿಯಾಗಿ ಇಟ್ಟಿರಬೇಕಾಗುತ್ತದೆ. ಹೊಸಬರಿಗೆ ನಾನು ಪಿ-0 ಮರಿಯನ್ನೇ ಹೇಳುವುದು. ತಾಯಿ ಉಳಿಯುತ್ತದೆ, ಮಿದುಳು ತುಸು ದೊಡ್ಡದಿರುವುದರಿಂದ ಹಿಪ್ಪೊಕ್ಯಾಂಪಸ್ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಒಂದು ಮಾತು ನೆನಪಿರಲಿ: ಈ ವಯಸ್ಸಿನ ಲೆಕ್ಕ ಮಿದುಳಿನ ಎಲ್ಲ ಭಾಗಕ್ಕೂ ಒಂದೇ ಅಲ್ಲ. ಸೆರೆಬೆಲ್ಲಂ ಎಂಬ ಕಿರುಮಿದುಳಿನ ಗ್ರ್ಯಾನ್ಯೂಲ್ ಕೋಶಗಳು ಬೇಕಿದ್ದರೆ ಹುಟ್ಟಿ ಒಂದು ವಾರವಾದ ಮರಿ ಬೇಕು, ಯಾಕೆಂದರೆ ಅವು ಹುಟ್ಟುವುದೇ ತಡವಾಗಿ.

ಹಿಂದಿನ ದಿನದ ಕೆಲಸ

ಕೋಶಗಳು ಬೆಳೆಯುವ ತೆಳು ಗಾಜು, ಎಂದರೆ ಕವರ್‌ಸ್ಲಿಪ್‌ನಿಂದ ಶುರುಮಾಡಿ. 24 ಗುಳಿಯ ತಟ್ಟೆಗೆ 12 ಮಿಲಿಮೀಟರ್ ಅಗಲದ ಗುಂಡು ಗಾಜು ಸರಿಹೋಗುತ್ತದೆ. ಪೊಟ್ಟಣದಿಂದ ತೆಗೆದ ಗಾಜು ನೋಡಲು ಫಳಫಳ ಎನ್ನುತ್ತಿದ್ದರೂ ನರಕೋಶಕ್ಕೆ ಅದು ಕೊಳೆಯೇ. ಗಾಢ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಇದನ್ನು ಫ್ಯೂಮ್ ಹುಡ್ ಒಳಗೆ, ಕನ್ನಡಕ ಮತ್ತು ದಪ್ಪ ಗ್ಲೌಸ್ ಹಾಕಿಕೊಂಡು ಮಾಡಬೇಕು. ಆಮೇಲೆ ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಗಾಜುಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ಆಮ್ಲ ಉಳಿದುಬಿಡುತ್ತದೆ, ಹಾಗಾಗಿ ಪ್ರತಿ ಸಲ ಕುಲುಕಿ ಬಿಡಿಸಬೇಕು. ಒಣಗಿಸಿ ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಶುದ್ಧಿ) ಮಾಡಿ. ಮುಂಚಿತವಾಗಿಯೇ ಒಂದು ಡಬ್ಬಿ ತುಂಬ ಮಾಡಿಟ್ಟುಕೊಂಡರೆ ತಿಂಗಳುಗಟ್ಟಲೆ ನಡೆಯುತ್ತದೆ.

ಮುಂದಿನದು ಕೋಶಗಳು ಗಾಜಿಗೆ ಅಂಟಲು ಬೇಕಾದ ಲೇಪನ. ಪಾಲಿ-ಡಿ-ಲೈಸಿನ್, ಮಿಲಿಲೀಟರಿಗೆ 0.1 ಮಿಲಿಗ್ರಾಂ, ಪಿಹೆಚ್ 8.5ರ ಬೋರೇಟ್ ಬಫರಿನಲ್ಲಿ. ಗಾಜಿನ ಮೇಲೆ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಿ. ಪಾಲಿ-ಎಲ್-ಲೈಸಿನ್ ಕೂಡ ನಡೆಯುತ್ತದೆ, ಆದರೆ ಕೋಶಗಳು ಬಿಡುವ ಕಿಣ್ವಗಳು ಎಲ್ ರೂಪವನ್ನು ಕ್ರಮೇಣ ಕತ್ತರಿಸುತ್ತವೆ, ಡಿ ರೂಪವನ್ನು ಮುಟ್ಟುವುದಿಲ್ಲ. ಮೂರು ವಾರ ಬೆಳೆಸುವ ಉದ್ದೇಶವಿದ್ದರೆ ಡಿ ರೂಪವೇ ಸರಿ. ಬೆಳಗ್ಗೆ ಬಂದ ತಕ್ಷಣ ಸ್ಟೆರೈಲ್ ನೀರಿನಲ್ಲಿ ಮೂರು ಸಲ ತೊಳೆಯಿರಿ. ಗಾಜಿಗೆ ಅಂಟದೆ ಉಳಿದ ಲೈಸಿನ್ ಕೋಶಗಳಿಗೆ ವಿಷ. ಈ ಒಂದು ಹೆಜ್ಜೆಯಲ್ಲಿ ಅವಸರ ಮಾಡಿದ ಕಲ್ಚರ್ ಮಾರನೆಯ ದಿನವೇ ಗುಳ್ಳೆಗುಳ್ಳೆಯಾಗಿ ಎದ್ದು ತೇಲುತ್ತದೆ.

ದ್ರಾವಣಗಳು ಮೂರು ಬಗೆ. ಬಿಡಿಸುವಾಗ ಬಳಸುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ಹ್ಯಾಂಕ್ಸ್ ಎಂಬ ಲವಣ ದ್ರಾವಣ, ಅದಕ್ಕೆ 10 ಮಿಲಿಮೋಲಾರ್ ಹೆಪೆಸ್ ಎಂಬ ಬಫರ್ ಸೇರಿಸಿ ಪಿಹೆಚ್ 7.3ರ ಆಸುಪಾಸಿಗೆ ತಂದಿರಬೇಕು. ಕೋಶಗಳನ್ನು ತಟ್ಟೆಗೆ ಬಿತ್ತುವಾಗ ಬಳಸುವುದು ಶೇ. 10ರಷ್ಟು ಸೀರಂ (ರಕ್ತದ ತಿಳಿ) ಸೇರಿಸಿದ ಮೀಡಿಯಂ. ಬೆಳೆಸಲು ಬಳಸುವುದು ಸೀರಂ ಇಲ್ಲದ ನ್ಯೂರೋಬೇಸಲ್ ಎಂಬ ಮೀಡಿಯಂ, ಅದಕ್ಕೆ ಶೇ. 2ರಷ್ಟು ಬಿ-27 ಎಂಬ ಪೋಷಕ ಮಿಶ್ರಣ ಮತ್ತು ಗ್ಲುಟಮೀನ್ ಒದಗಿಸುವ ಗ್ಲುಟಾಮ್ಯಾಕ್ಸ್. ಹುಟ್ಟಿದ ಮರಿಗಳಿಂದ ತೆಗೆದ ಕೋಶಕ್ಕೆ ನ್ಯೂರೋಬೇಸಲ್-ಎ ಎಂಬ ಬೇರೆ ರೂಪವೇ ಇದೆ. ಗ್ರೆಗರಿ ಬ್ರೂವರ್ ಮತ್ತು ಸಂಗಡಿಗರು 1993ರಲ್ಲಿ ನ್ಯೂರೋಬೇಸಲ್ ಮತ್ತು ಬಿ-27ರ ಜೋಡಿಯನ್ನು ಪ್ರಕಟಿಸುವವರೆಗೆ ಗ್ಲಿಯಾ ಕೋಶಗಳ ಆಸರೆಯಿಲ್ಲದೆ ನರಕೋಶ ಉಳಿಸಿಕೊಳ್ಳುವುದೇ ಹರಸಾಹಸವಾಗಿತ್ತು. ಬಿ-27 ಅನ್ನು ಒಮ್ಮೆ ಕರಗಿಸಿದರೆ ಮತ್ತೆ ಫ್ರೀಜರಿಗೆ ಇಡಬೇಡಿ. ಬೆರೆಸಿದ ಮೀಡಿಯಂ ಬಾಟಲಿಗೆ ಫಾಯಿಲ್ ಸುತ್ತಿಡಿ, ಅದರೊಳಗಿನ ರೈಬೊಫ್ಲೇವಿನ್‌ಗೆ ಬೆಳಕು ತಾಗಿದರೆ ಕೋಶಕ್ಕೆ ಹಾನಿಮಾಡುವ ವಸ್ತುಗಳು ಹುಟ್ಟುತ್ತವೆ.

ಉಪಕರಣಗಳು ಹೆಚ್ಚೇನೂ ಬೇಡ. ತಲೆ ಬೇರ್ಪಡಿಸಲು ಗಟ್ಟಿ ಕತ್ತರಿ, ತಲೆಬುರುಡೆಗೆ ಸಣ್ಣ ಮೊನೆಯ ಕತ್ತರಿ, ಮಿದುಳು ಎತ್ತಲು ಚಿಕ್ಕ ಸ್ಪ್ಯಾಚುಲಾ, ಎರಡು ಡ್ಯುಮಾಂಟ್ 5 ನಂಬರಿನ ಚಿಮಟ, ಬಾಗಿದ ಮೊನೆಯ ಒಂದು ಚಿಮಟ. ಚಿಮಟದ ಎರಡು ಮೊನೆ ಮೈಕ್ರೊಸ್ಕೋಪಿನ ಕೆಳಗೆ ಸರಿಯಾಗಿ ಕೂಡುತ್ತವೆಯೇ ನೋಡಿ. ಕೂದಲೆಳೆಯಷ್ಟು ಸೊಟ್ಟಗಾಗಿದ್ದರೂ ಅದರಿಂದ ಪೊರೆ ಹಿಡಿಯಲಾಗದು. ನಿಮ್ಮ ಚಿಮಟವನ್ನು ಯಾರಿಗೂ ಎರವಲು ಕೊಡಬೇಡಿ, ಮೊನೆಗೆ ಸಿಲಿಕೋನ್ ಕೊಳವೆಯ ತುಂಡು ತೊಡಿಸಿ ಇಡಿ.

ಬೆಳಗಿನ ಜೋಡಣೆ

ಮರಿಗಳನ್ನು ತರುವ ಮೊದಲೇ ಎಲ್ಲವೂ ಮೇಜಿನ ಮೇಲಿರಬೇಕು. ಲ್ಯಾಮಿನಾರ್ ಹುಡ್ ಒಳಗೆ ಸ್ಟೀರಿಯೊ ಮೈಕ್ರೊಸ್ಕೋಪ್, ಐಸ್ ತುಂಬಿದ ತಟ್ಟೆ, ಅದರ ಮೇಲೆ ತಣ್ಣನೆಯ ಹ್ಯಾಂಕ್ಸ್ ತುಂಬಿದ 60 ಮಿಲಿಮೀಟರಿನ ಮೂರು ನಾಲ್ಕು ಡಿಶ್, ಹಿಪ್ಪೊಕ್ಯಾಂಪಸ್ ಕೂಡಿಡಲು 15 ಮಿಲಿಯ ಒಂದು ಟ್ಯೂಬ್, ಉಪಕರಣ ಅದ್ದಲು ಶೇ. 70ರ ಎಥನಾಲ್ ಇರುವ ಬೀಕರ್. ಎಥನಾಲ್‌ನಿಂದ ತೆಗೆದ ಚಿಮಟವನ್ನು ನೇರವಾಗಿ ಅಂಗಾಂಶಕ್ಕೆ ತಾಗಿಸಬೇಡಿ, ಹ್ಯಾಂಕ್ಸ್‌ನಲ್ಲಿ ಒಮ್ಮೆ ಅದ್ದಿ ತೆಗೆಯಿರಿ.

ಕೋಶಗಳನ್ನು ಬಿಡಿಸುವ ಕಿಣ್ವವಾದ ಪಪೈನ್‌ನ ದ್ರಾವಣವನ್ನೂ ಈಗಲೇ ಕಲೆಸಿಡಿ. ಮಿಲಿಲೀಟರಿಗೆ 20 ಯೂನಿಟ್, ಜೊತೆಗೆ 1 ಮಿಲಿಮೋಲಾರ್ ಎಲ್-ಸಿಸ್ಟೀನ್. ಪಪೈನ್ ಬರುವುದು ಪಪಾಯಿ ಕಾಯಿಯ ಹಾಲಿನಿಂದ. ಗಟ್ಟಿ ಮಾಂಸ ಬೇಯಿಸುವಾಗ ಕಾಯಿ ಪಪಾಯಿಯ ತುಂಡು ಹಾಕುವುದು ಇದೇ ಕಿಣ್ವದ ಬಲದ ಮೇಲೆ. ಕಿಣ್ವ ಚುರುಕಾಗಲು ಸಿಸ್ಟೀನ್ ಬೇಕು. ಮೊದಲಿಗೆ ದ್ರಾವಣ ಮಬ್ಬಾಗಿರುತ್ತದೆ, 37 ಡಿಗ್ರಿಯಲ್ಲಿ ಹತ್ತು ನಿಮಿಷ ಬಿಟ್ಟರೆ ತಿಳಿಯಾಗುತ್ತದೆ. ತಿಳಿಯಾದ ಮೇಲೆ 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ.

ಒಂದು ಸಲಕ್ಕೆ ಎಷ್ಟು ಮರಿ? ಆರಕ್ಕಿಂತ ಹೆಚ್ಚು ಬೇಡ. ಪಳಗಿದ ಕೈಗೆ ಒಂದು ಮಿದುಳಿಗೆ ಐದಾರು ನಿಮಿಷ ಹಿಡಿಯುತ್ತದೆ, ಹೊಸ ಕೈಗೆ ಅದರ ದುಪ್ಪಟ್ಟು. ಕೊನೆಯ ಮಿದುಳು ಬಿಡಿಸುವ ಹೊತ್ತಿಗೆ ಮೊದಲನೆಯದು ಐಸಿನ ಮೇಲೆ ಸೊರಗುತ್ತಿರುತ್ತದೆ. ಕಲಿಯುವ ದಿನಗಳಲ್ಲಿ ಎರಡು ಮೂರು ಮರಿ ಸಾಕು.

ಆ ಒಂದು ಗಂಟೆ

ಎಳೆ ಮರಿಗಳ ಪ್ರಾಣ ತೆಗೆಯಲು ಕಾರ್ಬನ್ ಡೈಆಕ್ಸೈಡ್ ಸರಿಯಲ್ಲ. ಆಮ್ಲಜನಕ ಕಡಿಮೆಯಿದ್ದರೂ ತಡೆದುಕೊಳ್ಳುವ ಶಕ್ತಿ ಅವಕ್ಕೆ ಹುಟ್ಟಿನಿಂದಲೇ ಇರುವುದರಿಂದ ಬಹಳ ಹೊತ್ತು ನರಳುತ್ತವೆ. ಅನುಮತಿಯಲ್ಲಿ ಸಾಮಾನ್ಯವಾಗಿ ಬರೆದಿರುವುದು ತಂಪಿನಿಂದ ಪ್ರಜ್ಞೆ ತಪ್ಪಿಸಿ, ಹರಿತವಾದ ಕತ್ತರಿಯಿಂದ ಒಂದೇ ಸಲಕ್ಕೆ ತಲೆ ಬೇರ್ಪಡಿಸುವ ವಿಧಾನ. ಮರಿಯ ಮೈ ಐಸಿಗೆ ನೇರವಾಗಿ ತಾಗಬಾರದು, ನಡುವೆ ಬಟ್ಟೆ ಅಥವಾ ಗ್ಲೌಸಿನ ಪದರ ಇರಲಿ. ಕಾಲಿನ ಬೆರಳು ಮೆಲ್ಲಗೆ ಚಿವುಟಿದಾಗ ಪ್ರತಿಕ್ರಿಯೆ ಇಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕತ್ತಿನ ಸುತ್ತ ಎಥನಾಲ್ ಒರೆಸಿ. ಕತ್ತರಿ ಮೊಂಡಾಗಿದ್ದರೆ ಅವತ್ತಿನ ಕೆಲಸವನ್ನೇ ಮುಂದಕ್ಕೆ ಹಾಕಿ. ಒಂದೊಂದೇ ಮರಿ ತೆಗೆದುಕೊಳ್ಳಿ, ಉಳಿದವು ತಮ್ಮ ಗೂಡಿನ ಹೊಟ್ಟಿನೊಳಗೆ ಬೆಚ್ಚಗಿರಲಿ.

ತಲೆಯನ್ನು ಒಣ ಡಿಶ್ಶಿನಲ್ಲಿಟ್ಟು ಮೂತಿಯ ಕಡೆ ಚಿಮಟದಿಂದ ಹಿಡಿಯಿರಿ. ಕತ್ತಿನಿಂದ ಮೂತಿಯವರೆಗೆ ನಡುಗೆರೆಯಲ್ಲಿ ಚರ್ಮ ಕತ್ತರಿಸಿ ಎರಡೂ ಬದಿಗೆ ಸರಿಸಿ. ಈ ವಯಸ್ಸಿನಲ್ಲಿ ಬುರುಡೆ ಇನ್ನೂ ಮೆತ್ತಗೆ, ತೆಳ್ಳಗೆ, ಒಳಗಿನ ಮಿದುಳೂ ರಕ್ತನಾಳಗಳೂ ಹೊರಗಿನಿಂದಲೇ ಕಾಣುತ್ತವೆ. ಹಿಂಬದಿಯಲ್ಲಿ ಬೆನ್ನುಹುರಿ ಹೊರಡುವ ರಂಧ್ರವಿದೆ. ಸಣ್ಣ ಕತ್ತರಿಯ ಒಂದು ಅಲಗನ್ನು ಅಲ್ಲಿಂದ ಒಳಗೆ ತೂರಿಸಿ ನಡುಗೆರೆಯಲ್ಲೇ ಮುಂದಕ್ಕೆ ಕತ್ತರಿಸುತ್ತಾ ಹೋಗಿ. ಅಲಗಿನ ಮೊನೆ ಸದಾ ಮೇಲ್ಮುಖವಾಗಿ ಮೂಳೆಗೆ ಒತ್ತಿಕೊಂಡಿರಬೇಕು. ಕೆಳಗೆ ಬಾಗಿದರೆ ಎರಡು ಅರೆಗೋಳಗಳ ನಡುವಿನ ಭಾಗ ಸೀಳಿ ಹಿಪ್ಪೊಕ್ಯಾಂಪಸ್ಸಿನ ಮೇಲ್ತುದಿಯೇ ಹೋಗುತ್ತದೆ. ಹಿಂದೆ ಎರಡು ಪಕ್ಕಕ್ಕೂ ಚಿಕ್ಕ ಕಚ್ಚು ಹಾಕಿ ಬುರುಡೆಯ ಎರಡು ಭಾಗಗಳನ್ನು ಚಿಮಟದಿಂದ ಹೊರಕ್ಕೆ ಮಗುಚಿ. ಸ್ಪ್ಯಾಚುಲಾವನ್ನು ಮುಂದಿನ ಘ್ರಾಣ ಬಲ್ಬುಗಳ ಕೆಳಗಿನಿಂದ ಜಾರಿಸಿ ತಳದ ನರಗಳನ್ನು ಕಡಿಯುತ್ತಾ ಮಿದುಳನ್ನು ಎತ್ತಿ ತಣ್ಣನೆಯ ಹ್ಯಾಂಕ್ಸ್‌ಗೆ ಬಿಡಿ. ಇಲ್ಲಿಯವರೆಗಿನದು ಒಂದು ನಿಮಿಷದ ಕೆಲಸ.

ಈಗ ಮೈಕ್ರೊಸ್ಕೋಪಿನ ಕೆಳಗೆ. ಮಿದುಳಿನ ಬೆನ್ನು ಮೇಲಿರಲಿ. ಹಿಂದಿರುವ ಸೆರೆಬೆಲ್ಲಂ ಅನ್ನು ಒಂದು ಚಿಮಟದಿಂದ ಅಲುಗದಂತೆ ಒತ್ತಿಹಿಡಿದು, ಇನ್ನೊಂದನ್ನು ಅರೆಗೋಳಗಳ ನಡುವಿನ ಸಂದಿನಲ್ಲಿ ಇಳಿಸಿ ಎರಡಾಗಿ ಬಿಡಿಸಿ. ಸೆರೆಬೆಲ್ಲಂ, ಮಿದುಳಕಾಂಡ ತೆಗೆದುಹಾಕಿ. ಒಂದು ಅರೆಗೋಳವನ್ನು ಒಳಮೈ ಮೇಲೆ ಬರುವಂತೆ ಮಲಗಿಸಿ. ನಡುವಿನಲ್ಲಿ ಥಾಲಮಸ್‌ನ ಉಂಡೆ ಎದ್ದು ಕಾಣುತ್ತದೆ. ಅದನ್ನು ಬಾಗಿದ ಚಿಮಟದಿಂದ ಮೆಲ್ಲಗೆ ಹೊರತೆಗೆದರೆ ಅದರ ಹಿಂದೆ, ಕಾರ್ಟೆಕ್ಸಿನ ಒಳ ಅಂಚಿಗೆ ಅಂಟಿಕೊಂಡು ಗೋಡಂಬಿಯಂತೆ ಬಾಗಿದ ಭಾಗವೊಂದು ಕಾಣಿಸುತ್ತದೆ. ಅದೇ ಹಿಪ್ಪೊಕ್ಯಾಂಪಸ್. ಅದರ ಉದ್ದಕ್ಕೂ ಒಂದು ರಕ್ತನಾಳ ಹರಿದಿರುತ್ತದೆ. ದಾರಿ ತಪ್ಪಿದರೆ ಆ ಕೆಂಪು ಗೆರೆಯನ್ನು ಹುಡುಕಿ.

ಹಿಪ್ಪೊಕ್ಯಾಂಪಸ್ ಕಂಡ ಕೂಡಲೇ ಕತ್ತರಿಸಲು ಕೈ ಹಾಕಬೇಡಿ, ಮೊದಲು ಪೊರೆ ತೆಗೆಯಬೇಕು. ಮೆನಿಂಜಿಸ್ ಎಂಬ ಈ ಪೊರೆ ಕಣ್ಣಿಗೆ ಸಿಗುವುದೇ ಇಲ್ಲವೆನ್ನುವಷ್ಟು ತೆಳು, ಆದರೆ ಅದರೊಳಗೆ ರಕ್ತನಾಳಗಳ ಬಲೆಯೂ ಫೈಬ್ರೊಬ್ಲಾಸ್ಟ್ ಎಂಬ ಸಂಯೋಜಕ ಅಂಗಾಂಶದ ಕೋಶಗಳೂ ತುಂಬಿರುತ್ತವೆ. ನರಕೋಶ ವಿಭಜನೆಯಾಗುವುದಿಲ್ಲ, ಫೈಬ್ರೊಬ್ಲಾಸ್ಟ್ ಆಗುತ್ತಲೇ ಇರುತ್ತದೆ. ಚೂರು ಪೊರೆ ಉಳಿದರೂ ಹತ್ತು ದಿನದಲ್ಲಿ ತಟ್ಟೆಯ ನೆಲವೆಲ್ಲ ಅವುಗಳದ್ದೇ ಆಗಿಬಿಡುತ್ತದೆ. ಅದಕ್ಕಿಂತ ಮೊದಲೇ ಇನ್ನೊಂದು ತೊಂದರೆ: ಪೊರೆಯನ್ನು ಕಿಣ್ವ ಸರಿಯಾಗಿ ಕರಗಿಸದೆ ಅದು ಎಳೆಎಳೆಯಾಗಿ ಕೋಶಗಳನ್ನೆಲ್ಲ ಸುತ್ತಿಕೊಂಡು ಗಂಟು ಕಟ್ಟುತ್ತದೆ.

ಪೊರೆ ಎಳೆಯಲು ಘ್ರಾಣ ಬಲ್ಬಿನ ಕಡೆಯ ಅಂಚಿನಿಂದ ಶುರುಮಾಡಿ, ಅಲ್ಲಿ ಹಿಡಿತ ಸುಲಭವಾಗಿ ಸಿಗುತ್ತದೆ. ಒಂದು ಚಿಮಟದ ಬೆನ್ನಿನಿಂದ ಅಂಗಾಂಶವನ್ನು ತಳಕ್ಕೆ ಮೆತ್ತಗೆ ಒತ್ತಿ, ಇನ್ನೊಂದರ ಮೊನೆಯಿಂದ ಪೊರೆಯನ್ನಷ್ಟೇ ಚಿವುಟಿ ಹಿಂದಕ್ಕೆ ಎಳೆಯಿರಿ. ಮೇಲಕ್ಕೆ ಎತ್ತಬೇಡಿ, ಮೇಲ್ಮೈಗೆ ಸಮನಾಗಿ ಎಳೆಯಿರಿ. ಸರಿಯಾದ ಹಿಡಿತ ಸಿಕ್ಕಿದರೆ ಇಡೀ ಹಾಳೆ ರಕ್ತನಾಳಗಳ ಸಮೇತ ಒಂದೇ ಎಳೆತಕ್ಕೆ ಬಿಟ್ಟುಬರುತ್ತದೆ, ಕೆಳಗಿನ ಅಂಗಾಂಶ ಹಾಲಿನಂತೆ ಬೆಳ್ಳಗೆ ಉಳಿಯುತ್ತದೆ. ಎಲ್ಲಾದರೂ ಕೆಂಪು ಗೆರೆ ಕಂಡರೆ ಅಲ್ಲಿ ಪೊರೆ ಇನ್ನೂ ಇದೆ ಎಂದರ್ಥ. ಬೆಳಕನ್ನು ಮೇಲಿನಿಂದ ನೇರವಾಗಿ ಬಿಡುವ ಬದಲು ಪಕ್ಕದಿಂದ ಓರೆಯಾಗಿ ಬಿಟ್ಟರೆ ಪೊರೆಯ ಅಂಚು ಮಿನುಗಿ ಕಣ್ಣಿಗೆ ಬೀಳುತ್ತದೆ. ಹೊಸಬರಿಗೆ ಇದೊಂದು ಉಪಾಯ ಬಹಳ ನೆರವಾಗುತ್ತದೆ.

ಪೊರೆ ಹೋದ ಮೇಲೆ ಹಿಪ್ಪೊಕ್ಯಾಂಪಸ್ ಬಿಡಿಸುವುದು ಕಷ್ಟವೇನಲ್ಲ. ಅದು ಕಾರ್ಟೆಕ್ಸಿಗೆ ಕೂಡುವ ಗಡಿಯುದ್ದಕ್ಕೂ ಚಿಮಟದ ಮೊನೆಯಿಂದ ಚಿವುಟುತ್ತಾ ಬಂದರೆ ಇಡಿಯಾಗಿ ಕಳಚಿಕೊಳ್ಳುತ್ತದೆ. ಗಡಿ ಗೊಂದಲವಾದರೆ ಒಳಭಾಗದ ಕಡೆಗೇ ಚಿವುಟಿ. ಸ್ವಲ್ಪ ಹಿಪ್ಪೊಕ್ಯಾಂಪಸ್ ನಷ್ಟವಾದರೂ ಚಿಂತೆಯಿಲ್ಲ, ಕಾರ್ಟೆಕ್ಸ್ ಸೇರಿದರೆ ನಿಮ್ಮ ಕಲ್ಚರಿನ ಹೆಸರೇ ಸುಳ್ಳಾಗುತ್ತದೆ. ಒಳ ಅಂಚಿಗೆ ಜಾಲರಿಯಂತೆ ಅಂಟಿರುವ ಕೆಂಪಗಿನ ಕೊರಾಯ್ಡ್ ಪ್ಲೆಕ್ಸಸ್ ಅನ್ನೂ ಕಿತ್ತುಹಾಕಿ. ಬಿಡಿಸಿದ ತುಂಡನ್ನು ಚಿಮಟದಿಂದ ಚುಚ್ಚಿ ಎತ್ತದೆ, ಬಾಯಿ ಅಗಲವಾದ ಪಿಪೆಟ್ಟಿನಲ್ಲಿ ದ್ರವದ ಸಮೇತ ಎಳೆದುಕೊಂಡು ಐಸಿನಲ್ಲಿರುವ ಟ್ಯೂಬಿಗೆ ಬಿಡಿ. ಒಂದೆರಡು ಮಿದುಳಾದ ಮೇಲೆ ಡಿಶ್ ಬದಲಿಸಿ, ಮೈಕ್ರೊಸ್ಕೋಪಿನ ಬೆಳಕಿಗೆ ದ್ರಾವಣ ಬೆಚ್ಚಗಾಗಿರುತ್ತದೆ.

ಮೊದಲ ತಲೆ ಬೇರ್ಪಟ್ಟ ಸಮಯವನ್ನು ಟ್ಯೂಬಿನ ಮೇಲೆಯೇ ಬರೆದಿಡಿ. ಗಂಟೆ ದಾಟುತ್ತಿದೆ ಎನಿಸಿದರೆ ಉಳಿದ ಮರಿಗಳನ್ನು ತಾಯಿಯ ಬಳಿಗೆ ಕಳಿಸಿ ಮುಂದಿನ ಹೆಜ್ಜೆಗೆ ಹೋಗಿ.

ಕಿಣ್ವ, ಪಿಪೆಟ್, ಎಣಿಕೆ

ಹ್ಯಾಂಕ್ಸ್ ತೆಗೆದು ಬೆಚ್ಚಗಿನ ಪಪೈನ್ ಹಾಕಿ 37 ಡಿಗ್ರಿಯಲ್ಲಿ 20 ನಿಮಿಷ ಇಡಿ. ಐದು ನಿಮಿಷಕ್ಕೊಮ್ಮೆ ಟ್ಯೂಬನ್ನು ಮೆಲ್ಲಗೆ ಓಲಾಡಿಸಿ. ಪಪೈನ್ ಸಿಗದಿದ್ದರೆ ಶೇ. 0.25ರ ಟ್ರಿಪ್ಸಿನ್ 15 ನಿಮಿಷ ಆಗುತ್ತದೆ, ಆದರೆ ನರಕೋಶಗಳ ಮೇಲೆ ಪಪೈನ್ ಮೃದು. ಕೈಯಲ್ಲಿದ್ದಾಗ ಅದನ್ನೇ ಬಳಸಿ. ಸಮಯ ಮುಗಿದ ಮೇಲೆ ಕಿಣ್ವವನ್ನು ಪೂರ್ತಿ ಎಳೆದು ತೆಗೆದು, ಸೀರಂ ಇರುವ ಮೀಡಿಯಂನಲ್ಲಿ ಮೂರು ಸಲ ತೊಳೆಯಿರಿ. ಈ ಹಂತದಲ್ಲಿ ಸೆಂಟ್ರಿಫ್ಯೂಜ್ ಬೇಡ, ತುಂಡುಗಳು ತಾವಾಗಿಯೇ ತಳ ಸೇರಲಿ.

ಬಿಡಿಸುವ ಪಿಪೆಟ್ ಗಾಜಿನದ್ದಾಗಿದ್ದರೆ ಒಳ್ಳೆಯದು. ಅದರ ಬಾಯಿಯನ್ನು ಬರ್ನರ್ ಉರಿಯಲ್ಲಿ ತಿರುಗಿಸಿ ಅಂಚು ನುಣುಪು ಮಾಡಿ, ಒಂದು ಅಗಲ ಬಾಯಿಯದು, ಒಂದು ಅದರ ಅರ್ಧದಷ್ಟರದು. 2 ಮಿಲಿ ಮೀಡಿಯಂನಲ್ಲಿ ಅಗಲ ಬಾಯಿಯದರಿಂದ ಹತ್ತು ಸಲ, ಕಿರಿದಾದದರಿಂದ ಐದಾರು ಸಲ ಎಳೆದು ಬಿಡಿ. ಗುಳ್ಳೆ ಏಳಬಾರದು, ಗಾಳಿಯೂ ನೀರೂ ಕೂಡುವ ಮೇಲ್ಮೈಯಲ್ಲಿ ಕೋಶದ ಪೊರೆ ಹರಿದುಹೋಗುತ್ತದೆ. ಲೋಳೆಯಂತಹ ಎಳೆ ಕಂಡರೆ ಅದು ಸತ್ತ ಕೋಶಗಳಿಂದ ಬಂದ ಡಿಎನ್‌ಎ. ಆಗ ಡಿಎನ್‌ಏಸ್ ಹಾಕಬಹುದು, ಆದರೆ ಆ ಕಿಣ್ವಕ್ಕೆ ಮೆಗ್ನೀಸಿಯಂ ಬೇಕು. ಮೆಗ್ನೀಸಿಯಂ ಇಲ್ಲದ ಹ್ಯಾಂಕ್ಸ್‌ನಲ್ಲಿ ಹಾಕಿ ಕೆಲಸ ಮಾಡಲಿಲ್ಲ ಎಂದು ದೂರಬೇಡಿ. ಚೂರುಪಾರು ಉಳಿದರೆ ಉಳಿಯಲಿ, ಎಲ್ಲವನ್ನೂ ಕರಗಿಸುವ ಹಟಕ್ಕೆ ಬಿದ್ದು ಪಿಪೆಟ್ ಆಡಿಸುತ್ತಲೇ ಇದ್ದರೆ ಬಿಡಿಯಾಗಿದ್ದ ಒಳ್ಳೆಯ ಕೋಶಗಳೂ ಒಡೆಯುತ್ತವೆ. ಎರಡು ನಿಮಿಷ ನಿಲ್ಲಿಸಿ, ಮೇಲಿನ ತಿಳಿಯನ್ನು 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ, 200 ಜಿ ವೇಗದಲ್ಲಿ ಐದು ನಿಮಿಷ ತಿರುಗಿಸಿ, 3 ಮಿಲಿ ಹೊಸ ಮೀಡಿಯಂನಲ್ಲಿ ಕಲೆಸಿ.

ಎಣಿಸಲು ಕೋಶದ ದ್ರಾವಣ ಒಂದು ಪಾಲು, ಟ್ರೈಪಾನ್ ಬ್ಲೂ ಬಣ್ಣ ಒಂದು ಪಾಲು. ಸತ್ತವು ನೀಲಿ, ಬದುಕಿರುವವು ದುಂಡಗೆ ಹೊಳೆಯುತ್ತವೆ. ಕೋಶ ಎಣಿಸುವ ಹೀಮೊಸೈಟೊಮೀಟರ್ ಗಾಜಿನ ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಬದುಕಿರುವವು ಸರಾಸರಿ 42 ಇವೆ ಎಂದುಕೊಳ್ಳಿ. ಎರಡು ಪಟ್ಟು ತೆಳು ಮಾಡಿದ್ದರಿಂದ 42ನ್ನು 2ರಿಂದ, ಮತ್ತೆ 10,000ದಿಂದ ಗುಣಿಸಿದರೆ ಮಿಲಿಗೆ 8.4 ಲಕ್ಷ. 3 ಮಿಲಿಯಲ್ಲಿ ಒಟ್ಟು 25 ಲಕ್ಷ. ಆರು ಮರಿಗಳಿಂದ ಇಷ್ಟು ಬಂದರೆ ಕೆಲಸ ಚೆನ್ನಾಗಿ ಆಗಿದೆ, ಒಂದು ಮರಿಯ ಎರಡು ಹಿಪ್ಪೊಕ್ಯಾಂಪಸ್‌ನಿಂದ ಮೂರರಿಂದ ಐದು ಲಕ್ಷ ನಿರೀಕ್ಷಿಸಬಹುದು. 24 ಗುಳಿಗೆ ತಲಾ 60,000 ಕೋಶ ಬೇಕಿದ್ದರೆ ಒಟ್ಟು 14.4 ಲಕ್ಷ, ಎಂದರೆ ಸುಮಾರು 1.7 ಮಿಲಿ. ಅದನ್ನು 12 ಮಿಲಿಗೆ ತಂದು ಪ್ರತಿ ಗುಳಿಗೆ ಅರ್ಧ ಮಿಲಿ ಹಾಕಿ. ನೀಲಿಯಾದವು ನೂರಕ್ಕೆ ಹದಿನೈದಕ್ಕಿಂತ ಹೆಚ್ಚಿದ್ದರೆ ಬಿತ್ತುವ ಮೊದಲು ಯೋಚಿಸಿ. ಸತ್ತ ಕೋಶಗಳಿಂದ ಸೋರುವ ಗ್ಲುಟಮೇಟ್ ಬದುಕಿರುವವನ್ನೂ ಕೊಲ್ಲುತ್ತದೆ.

ತಟ್ಟೆಯನ್ನು ಗುಂಡಗೆ ತಿರುಗಿಸಬೇಡಿ, ಕೋಶಗಳೆಲ್ಲ ನಡುವಿಗೆ ಬಂದು ಕೂರುತ್ತವೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗಾಡಿಸಿ ಇನ್‌ಕ್ಯುಬೇಟರಿಗೆ ಇಡಿ: 37 ಡಿಗ್ರಿ, ಶೇ. 5 ಕಾರ್ಬನ್ ಡೈಆಕ್ಸೈಡ್.

ಮರಿಗಳ ದೇಹ, ಉಳಿದ ಅಂಗಾಂಶ ಹಳದಿ ಚೀಲಕ್ಕೆ. ಬ್ಲೇಡು, ಸೂಜಿಗಳು ತೂತಾಗದ ಬಿಳಿ ಡಬ್ಬಿಗೆ. ಗಾಜು ನೀಲಿ ಡಬ್ಬಿಗೆ.

ಮುಂದಿನ ಮೂರು ವಾರ

ಎರಡರಿಂದ ನಾಲ್ಕು ಗಂಟೆಯೊಳಗೆ ಕೋಶಗಳು ಗಾಜಿಗೆ ಅಂಟಿಕೊಂಡಿರುತ್ತವೆ. ಆಗ ಸೀರಂ ಇರುವ ಮೀಡಿಯಂ ತೆಗೆದು ಬೆಚ್ಚಗಿನ ನ್ಯೂರೋಬೇಸಲ್-ಬಿ-27 ಹಾಕಿ. ಸೀರಂ ಹೆಚ್ಚು ಹೊತ್ತು ಉಳಿದರೆ ಗ್ಲಿಯಾಗೆ ಹಬ್ಬ. ಮೂರು ನಾಲ್ಕನೆಯ ದಿನ ಗ್ಲಿಯಾ ಹೆಚ್ಚುತ್ತಿರುವುದು ಕಂಡರೆ ಸೈಟೊಸಿನ್ ಅರಾಬಿನೊಸೈಡ್ ಅನ್ನು 1ರಿಂದ 2 ಮೈಕ್ರೊಮೋಲಾರ್ ಮಟ್ಟಕ್ಕೆ ಸೇರಿಸಿ. ವಿಭಜನೆಯಾಗುವ ಕೋಶಗಳನ್ನು ಅದು ತಡೆಯುತ್ತದೆ. ಪ್ರಮಾಣ ಮೀರಿದರೆ ನರಕೋಶಕ್ಕೂ ಪೆಟ್ಟು, ಹಾಗಾಗಿ ಅಗತ್ಯವಿಲ್ಲದೆ ಹಾಕಬೇಡಿ. ಆಮೇಲೆ ವಾರಕ್ಕೊಮ್ಮೆ ಅರ್ಧ ಮೀಡಿಯಂ ಬದಲಿಸಿದರೆ ಸಾಕು. ಪೂರ್ತಿ ಬದಲಿಸಬೇಡಿ, ಕೋಶಗಳು ತಾವೇ ಬಿಟ್ಟುಕೊಂಡ ಪೋಷಕ ವಸ್ತುಗಳು ಹಳೆಯ ಮೀಡಿಯಂನಲ್ಲಿರುತ್ತವೆ.

ಬೆಳವಣಿಗೆಯ ಹಂತಗಳನ್ನು 1988ರಲ್ಲಿ ಡೊಟ್ಟಿ, ಸಲಿವನ್ ಮತ್ತು ಬ್ಯಾಂಕರ್ ವಿವರವಾಗಿ ದಾಖಲಿಸಿದ್ದಾರೆ, ಮೈಕ್ರೊಸ್ಕೋಪಿನಲ್ಲಿ ನೀವೂ ಅದನ್ನೇ ಕಾಣುತ್ತೀರಿ. ಮೊದಲ ಕೆಲವು ಗಂಟೆ ಕೋಶದ ಸುತ್ತ ತೆಳುವಾದ ಅಂಚು. ಅರ್ಧ ದಿನದ ಹೊತ್ತಿಗೆ ಒಂದೇ ಉದ್ದದ ನಾಲ್ಕೈದು ಚಿಗುರು. ಒಂದೂವರೆ ದಿನದಲ್ಲಿ ಅವುಗಳಲ್ಲಿ ಒಂದೇ ಒಂದು ಉಳಿದವನ್ನೆಲ್ಲ ಹಿಂದಿಕ್ಕಿ ಓಡತೊಡಗುತ್ತದೆ, ಅದೇ ಸಂದೇಶ ಕಳಿಸುವ ಆಕ್ಸಾನ್. ಎಷ್ಟು ಸಲ ನೋಡಿದರೂ ನನಗೆ ಇದು ಬೇಸರ ತರಿಸಿಲ್ಲ. ಯಾವ ಚಿಗುರು ಗೆಲ್ಲುತ್ತದೆಂದು ಮೊದಲೇ ಹೇಳಲಾಗದು. ನಾಲ್ಕನೆಯ ದಿನದಿಂದ ಸಂದೇಶ ಪಡೆಯುವ ಡೆಂಡ್ರೈಟ್‌ಗಳು ಬಲಿಯುತ್ತವೆ, ವಾರ ಕಳೆದ ಮೇಲೆ ಕೋಶಗಳನ್ನು ಜೋಡಿಸುವ ಸಿನಾಪ್ಸ್‌ಗಳು ಮೂಡುತ್ತವೆ. ಡೆಂಡ್ರೈಟ್ ಮೇಲಿನ ಮುಳ್ಳಿನಂಥ ಸ್ಪೈನ್‌ಗಳ ಅಧ್ಯಯನಕ್ಕೆ ಎರಡರಿಂದ ಮೂರು ವಾರ ಕಾಯಬೇಕು. ಬೆಳೆದದ್ದು ನರಕೋಶವೇ ಎಂದು ಖಚಿತಪಡಿಸಿಕೊಳ್ಳಲು ಒಂದು ಗಾಜನ್ನು ಮ್ಯಾಪ್-2 ಮತ್ತು ಜಿಎಫ್‌ಎಪಿ ಪ್ರೋಟೀನ್‌ಗಳಿಗೆ ಅಂಟುವ ಪ್ರತಿಕಾಯಗಳಿಂದ ಬಣ್ಣ ಹಾಕಿ ನೋಡಿ. ಮೊದಲನೆಯದು ಡೆಂಡ್ರೈಟ್ ತೋರಿಸುತ್ತದೆ, ಎರಡನೆಯದು ಆಸ್ಟ್ರೊಸೈಟ್ ಎಂಬ ಗ್ಲಿಯಾ ಕೋಶ.

ಕೆಟ್ಟಾಗ ಎಲ್ಲಿ ಹುಡುಕಬೇಕು

ಮರುದಿನವೇ ಕೋಶಗಳು ಎದ್ದು ತೇಲುತ್ತಿದ್ದರೆ ಲೇಪನ ಸರಿಯಾಗಿ ತೊಳೆದಿಲ್ಲ, ಇಲ್ಲವೇ ಬಿಡಿಸುವಾಗಲೇ ಸತ್ತಿದ್ದವು. ಎಣಿಕೆಯ ಪುಟ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ನಾಲ್ಕೈದನೆಯ ದಿನ ಕೋಶಗಳು ಗುಂಪುಗೂಡಿ, ಗುಂಪುಗಳ ನಡುವೆ ಹಗ್ಗದಂತೆ ತಂತುಗಳು ಬಿಗಿದುಕೊಂಡರೆ ಗಾಜಿನ ಶುದ್ಧಿ ಅಥವಾ ಲೇಪನ ಸೋತಿದೆ, ಕೋಶಗಳಿಗೆ ನೆಲಕ್ಕಿಂತ ಒಂದಕ್ಕೊಂದು ಅಂಟುವುದೇ ಸುಲಭವಾಗಿದೆ. ಅಂಚಿನ ಗುಳಿಗಳು ಮಾತ್ರ ಸೊರಗಿದರೆ ನೀರು ಆವಿಯಾಗುತ್ತಿದೆ. ಇನ್‌ಕ್ಯುಬೇಟರಿನ ತಟ್ಟೆಯಲ್ಲಿ ನೀರಿದೆಯೇ, ಬಾಗಿಲು ಎಷ್ಟು ಸಲ ತೆರೆಯುತ್ತಿದ್ದಾರೆ ನೋಡಿ. ಬೇಸಿಗೆಯಲ್ಲಿ ಕರೆಂಟ್ ಹೋಗಿಬರುವ ಕಡೆ ಇನ್‌ಕ್ಯುಬೇಟರಿಗೆ ಯುಪಿಎಸ್ ಬೇಕೇ ಬೇಕು. ವಾರಾಂತ್ಯಕ್ಕೆ ಮುಂಚೆ ಗ್ಯಾಸ್ ಸಿಲಿಂಡರಿನ ಮುಳ್ಳನ್ನೂ ನೋಡಿಕೊಂಡು ಹೋಗಿ.

ಹತ್ತನೆಯ ದಿನದ ಹೊತ್ತಿಗೆ ಚಪ್ಪಟೆಯಾದ ದೊಡ್ಡ ಕೋಶಗಳು ನೆಲ ತುಂಬಿದ್ದರೆ ಒಂದು ಗಾಜಿಗೆ ಜಿಎಫ್‌ಎಪಿ ಬಣ್ಣ ಹಾಕಿ. ಬಣ್ಣ ಹಿಡಿದರೆ ಆಸ್ಟ್ರೊಸೈಟ್, ಸೀರಂ ಹೊತ್ತು ಕಡಿಮೆ ಮಾಡಿ. ಹಿಡಿಯದಿದ್ದರೆ ಬಹುತೇಕ ಫೈಬ್ರೊಬ್ಲಾಸ್ಟ್, ಅದಕ್ಕೆ ಮದ್ದು ಚಿಮಟದ ಮೊನೆಯಲ್ಲೇ ಇದೆ. ಮೀಡಿಯಂ ರಾತ್ರೋರಾತ್ರಿ ಹಳದಿಗೆ ತಿರುಗಿ ಮಬ್ಬಾದರೆ ಬ್ಯಾಕ್ಟೀರಿಯಾ ಸೇರಿದೆ. ಆಂಟಿಬಯೋಟಿಕ್ ಹೆಚ್ಚಿಸಿ ಉಳಿಸಿಕೊಳ್ಳಲು ಹೋಗಬೇಡಿ. ತಟ್ಟೆಗೆ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಟ್ಟು ಬಿಸಾಡಿ, ಅವತ್ತು ಬಳಸಿದ ಪ್ರತಿ ಬಾಟಲಿಯಿಂದ ಒಂದೊಂದು ಮಿಲಿಯನ್ನು ಖಾಲಿ ತಟ್ಟೆಯಲ್ಲಿ ಎರಡು ದಿನ ಇನ್‌ಕ್ಯುಬೇಟರಿಗಿಟ್ಟು ಯಾವುದು ಕೆಟ್ಟಿದೆಯೆಂದು ಕಂಡುಹಿಡಿದ ಮೇಲೆಯೇ ಮುಂದಿನ ಮರಿಗಳನ್ನು ಕೇಳಿ.